ಹ್ಯುಯೆನ್‌ತ್ಸಾಂಗನ ಸ್ವದೇಶ ಪುನರಾಗಮನ



ಪರದೇಶಕ್ಕೆ ವಿದ್ಯಾರ್ಜನೆಗೋಸ್ಕರ ಹೋದವರ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಹೋದ ದಾರಿಯನ್ನೇ ಬಣ್ಣಿಸುವರು. ದಾಟಿದ ಮರುಭೂಮಿ, ಏರಿದ ಪರ್ವತ, ಕಂಡ ಅರಸರು, ಗೆದ್ದ ವಾದಗಳು ಇವುಗಳಲ್ಲಿಯೇ ಕಥೆಯೆಲ್ಲ ವೆಚ್ಚವಾಗಿ, ತರುವಾಯ ಸ್ವದೇಶಕ್ಕೆ ಮರಳಿದನು ಎಂಬ ಒಂದೇ ಮಾತಿನಲ್ಲಿ ಹಿಂದಿರುಗಿದ ಸಂಗತಿಯು ತೀರಿಹೋಗುವದು. ಚೀನದೇಶದ ಭಿಕ್ಷು ಹ್ಯುಯೆನ್‌ತ್ಸಾಂಗನ ವಿಷಯದಲ್ಲಿಯೂ ಶಾಲೆಯ ಪುಸ್ತಕಗಳು ಮಾಡಿರುವದು ಇದನ್ನೇ. ಆತನು ಹರ್ಷವರ್ಧನನ ಸಭೆಯಲ್ಲಿ ಮನ್ನಣೆ ಪಡೆದದ್ದನ್ನೂ, ಇಮ್ಮಡಿ ಪುಲಿಕೇಶಿಯ ರಾಜ್ಯದ ಜನರ ಅಭಿಮಾನಶೌರ್ಯಗಳನ್ನು ಬರೆದಿಟ್ಟದ್ದನ್ನೂ ಕನ್ನಡ ನಾಡಿನ ಮಕ್ಕಳು ಬಲ್ಲರು. ಆದರೆ ಆತನು ಮನೆಗೆ ಹೇಗೆ ಮುಟ್ಟಿದನು, ಮುಟ್ಟಿದಾಗ ಅಲ್ಲಿ ಯಾರುಳಿದಿದ್ದರು ಎಂಬದನ್ನು ಬಲ್ಲವರು ವಿರಳ. ಆತನ ಶಿಷ್ಯನಾದ ಹುಯಿಲಿಯು ಬರೆದ ಚರಿತ್ರೆಯನ್ನು ಓದಿದರೆ, ಹೋಗುವದಕ್ಕಿಂತ ಮರಳುವದೇ ಈ ಮಹಾಪುರುಷನಿಗೆ ಹೆಚ್ಚು ಕಠಿಣವಾಯಿತೆಂಬದು ವಿಶದವಾಗುವದು. ಈ ಹೊತ್ತಿನ ಉಪನ್ಯಾಸಕ್ಕೆ ವಿಷಯವು ಅದೇ.

ಹ್ಯುಯೆನ್‌ತ್ಸಾಂಗನು ಸುಮಾರು 602ರಲ್ಲಿ ಲೋಯಾಂಗ ಪಟ್ಟಣದ ಸಮೀಪದ ಒಂದು ಹಳ್ಳಿಯಲ್ಲಿ ಚೆನ್ ಎಂಬ ಮನೆತನದಲ್ಲಿ ಜನಿಸಿದನು. ನಾಲ್ವರು ಗಂಡುಮಕ್ಕಳಲ್ಲಿ ಕಿರಿಯವನು. ತಂದೆಯು ಅಧಿಕಾರವನ್ನು ತೊರೆದು ಗ್ರಂಥಾವಲೋಕನದಲ್ಲಿ ಕಾಲಕಳೆಯುತ್ತಿದ್ದ ಪಂಡಿತನು. ಆತನು ಎಂಟು ವರ್ಷದ ಮಗನಿಗೆ ಮಾತಾಪಿತೃಭಕ್ತಿಯನ್ನು ಬೋಧಿಸುವ ಪ್ರಾಚೀನ ಗ್ರಂಥವೊಂದನ್ನು ಪಾಠ ಹೇಳುತ್ತಿರಲು, ಶಿಷ್ಯನೊಬ್ಬನು ಗುರುವಚನವನ್ನು ಕೇಳಿ ಆಸನದಿಂದೆದ್ದ ಪ್ರಸಂಗವು ಬಂದಿತು. ಕೂಡಲೆ ಹುಡುಗನು ಉಡುಪನ್ನು ಸರಿಪಡಿಸಿಕೊಂಡು ತಾನೂ ಎದ್ದು ನಿಂತನು. ಕಾರಣವೇನೆಂದು ತಂದೆಯು ಕೇಳಲು, ಗುರುವಿನ ಮಾತಿಗೆ ಆ ಶಿಷ್ಯನು ಎದ್ದಿರುವಾಗ ತಂದೆಯ ಮಾತನ್ನು ತಾನು ಕುಳಿತು ಕೇಳುವದು ಹೇಗೆಂದು ಉತ್ತರಕೊಟ್ಟನಂತೆ. ಈ ಬಾಲಕನು ಚಿಕ್ಕವನಿರುವಾಗಲೇ ತಂದೆತಾಯಿಗಳನ್ನು ಕಳೆದುಕೊಂಡು, ಭಿಕ್ಷುವಾಗಿದ್ದ ಎರಡನೆಯ ಅಣ್ಣನ ಆಶ್ರಯದಲ್ಲಿ ವಿಹಾರವನ್ನು ಸೇರಿ, 13ನೆಯ ವಯಸ್ಸಿನಲ್ಲಿ ದೀಕ್ಷಾರ್ಥಿಯಾದನು. 618ರಲ್ಲಿ ಸುಯಿ ರಾಜವಂಶವು ಅಳಿದು ನಾಡೆಲ್ಲ ದಂಗೆ ಕ್ಷಾಮಗಳಿಗೆ ತುತ್ತಾದಾಗ ಅಣ್ಣತಮ್ಮಂದಿರಿಬ್ಬರೂ ಪಶ್ಚಿಮದ ಚೆಂಗ್ಡು ಪಟ್ಟಣಕ್ಕೆ ಹೋಗಿ ನೆಲೆಸಿದರು. 622ರಲ್ಲಿ ಅಲ್ಲಿಯೇ ಪೂರ್ಣದೀಕ್ಷೆಯಾಯಿತು. ಬೇರೆ ಬೇರೆ ಆಚಾರ್ಯರನ್ನರಸಿ ಹೋಗಬೇಕೆಂಬ ತಮ್ಮನ ಹಂಬಲಕ್ಕೆ ಅಣ್ಣನು ಅಡ್ಡಬಂದನು. ತಮ್ಮನು ಹೇಳದೆ ಕೇಳದೆ ವ್ಯಾಪಾರಿಗಳ ದೋಣಿಯನ್ನು ಹತ್ತಿ ಹೊರಟುಹೋದನು. ಬಾಂಧವ್ಯ ಹಾಗೂ ವಿದ್ಯೆ ಇವುಗಳೊಳಗೆ ಒಂದನ್ನು ಆರಿಸಿಕೊಳ್ಳುವ ಪ್ರಸಂಗವು ಆತನಿಗೆ ಹೀಗೆ ಇಪ್ಪತ್ತರ ಆಚೀಚೆಯಲ್ಲಿಯೇ ಒದಗಿತು.

ಚೀನೀಭಾಷೆಯ ಬೌದ್ಧಗ್ರಂಥಗಳು ಒಂದಕ್ಕೊಂದು ಹೊಂದದಿರುವದನ್ನು ಕಂಡು, ಮೂಲಗ್ರಂಥಗಳನ್ನು ಭರತಖಂಡದಲ್ಲಿಯೇ ಓದಿ ಬರಬೇಕೆಂದು ಆತನು ನಿಶ್ಚಯಿಸಿದನು. ಗಡಿಯನ್ನು ದಾಟಕೂಡದೆಂದು ರಾಜಾಜ್ಞೆಯಿತ್ತು. ಅನುಮತಿಯನ್ನು ಬೇಡಿದರೂ ಸಿಕ್ಕಲಿಲ್ಲ. 629ರಲ್ಲಿ (ಕೆಲವರ ಗಣನೆಯಂತೆ 627ರಲ್ಲಿ) ಆತನು ಗುಪ್ತವಾಗಿ ಹೊರಟನು. ದಾರಿಯ ಕಷ್ಟಗಳು ಸರ್ವವಿದಿತವಾಗಿರುವದರಿಂದ ಅವನ್ನು ವಿಸ್ತರಿಸುವ ಕಾರಣವಿಲ್ಲ. ಒಂದು ಸಂಗತಿಯನ್ನು ಮಾತ್ರ ನೆನಪಿನಲ್ಲಿಡಬೇಕು. ಈಗಿನ ತುರ್ಫಾನ ಪ್ರಾಂತದಲ್ಲಿ ಗಾವ್‌ಚಾಂಗ ಎಂಬ ಸಣ್ಣ ರಾಜ್ಯವಿತ್ತು. ಅಲ್ಲಿಯ ಅರಸನು ಈ ತರುಣ ಭಿಕ್ಷುವಿನ ಮೇಲಿಟ್ಟ ಪ್ರೀತಿಯು ಅತಿರೇಕಕ್ಕೆ ಹೋಗಿ, ಮುಂದಕ್ಕೆ ಬಿಡಲೊಲ್ಲೆನೆಂದು ತಡೆದನು. ಭಿಕ್ಷುವು ಅನ್ನನೀರು ಬಿಟ್ಟು ಕುಳಿತನು. ಕಡೆಗೆ ಅರಸನು ಸೋತು, ತನ್ನ ತಾಯಿಯ ಸಮಕ್ಷಮದಲ್ಲಿ ಆತನನ್ನು ಸಹೋದರನನ್ನಾಗಿ ಸ್ವೀಕರಿಸಿ, ಮರಳುವಾಗ ಇಲ್ಲಿ ಮೂರು ವರ್ಷ ಇರಬೇಕೆಂಬ ವಚನವನ್ನು ಪಡೆದು ಬೀಳ್ಕೊಟ್ಟನು. ಇಪ್ಪತ್ತು ವರ್ಷಗಳ ಪ್ರವಾಸಕ್ಕೆ ಸಾಲುವಷ್ಟು ದ್ರವ್ಯವನ್ನೂ, ದಾರಿಯ ರಾಜ್ಯಗಳ ಅರಸರಿಗೆ 24 ಪತ್ರಗಳನ್ನೂ ಕೊಟ್ಟನು. ರಕ್ತಸಂಬಂಧವನ್ನು ಬಿಟ್ಟು ಬಂದವನಿಗೆ ವಚನಸಂಬಂಧದ ಅಣ್ಣನೊಬ್ಬನು ದಾರಿಯಲ್ಲಿ ದೊರೆತನು.

ಬೌದ್ಧಭಿಕ್ಷುಗಳ ಹಿರಿತನವನ್ನು ಎಣಿಸುವದು ಅವರು ಒಂದೆಡೆ ನಿಂತು ಕಳೆದ ವರ್ಷಾವಾಸಗಳಿಂದ. ಚೀನದವರು ಅವನ್ನು ಬೇಸಗೆಗಳೆಂದೇ ಕರೆಯುವರು. ಹ್ಯುಯೆನ್‌ತ್ಸಾಂಗನ ಇಂಥ ಅನೇಕ ಬೇಸಗೆಗಳು ಕಪಿಶ, ಕಾಶ್ಮೀರ, ಪಂಜಾಬ, ಮಗಧಗಳಲ್ಲಿ ಅಧ್ಯಯನದಲ್ಲಿಯೇ ಕಳೆದವು. ನಾಲಂದದಲ್ಲಿ ಆತನ ಗುರುಗಳು ಶೀಲಭದ್ರಾಚಾರ್ಯರು. ಅವರ ವಯಸ್ಸು ಆಗಲೇ ನೂರನ್ನು ಮೀರಿತ್ತೆಂದು ಚರಿತ್ರಕಾರನು ಬರೆದಿರುವನು. ಸಂಧಿವಾತದ ವೇದನೆಯನ್ನು ತಾಳಲಾರದೆ ಅವರು ಉಪವಾಸದಿಂದ ದೇಹವನ್ನು ಬಿಡಬೇಕೆಂದಿದ್ದಾಗ, ಚೀನದಿಂದ ಒಬ್ಬ ಶಿಷ್ಯನು ಬರುವನು, ಅವನಿಗೆ ಕಲಿಸುವದಕ್ಕಾಗಿ ಬದುಕಿರಬೇಕೆಂದು ಕನಸಿನಲ್ಲಿ ದೈವಾದೇಶವಾಯಿತಂತೆ. ಕನಸಿನ ಮಾತನ್ನು ನಂಬುವದು ಬಿಡುವದು ಅವರವರ ಮತಿಗೆ ಸೇರಿದ್ದು. ಆ ಮುಪ್ಪಿನ ವಯಸ್ಸಿನ ಆಚಾರ್ಯರು ಯೋಗಾಚಾರಭೂಮಿಶಾಸ್ತ್ರವನ್ನು ಹದಿನೈದು ತಿಂಗಳು ತಾವೇ ಕುಳಿತು ಪಾಠ ಹೇಳಿದರೆಂಬದಂತೂ ಆಶ್ಚರ್ಯವೇ ಸರಿ. ಇಂಥ ಗುರುವನ್ನು ಬಿಟ್ಟು ಹೋಗುವದೆಂದರೆ, ಮತ್ತೆ ಕಾಣುವ ಆಶೆಯನ್ನು ಬಿಟ್ಟೇ ಹೋಗುವದೆಂದರ್ಥ. ಮರಳುವ ಮಾತಿನ ಭಾರವು ಇಲ್ಲಿಂದ ಮೊದಲಾಗುವದು.

ಹ್ಯುಯೆನ್‌ತ್ಸಾಂಗನು ಹೊರಡುವ ಸಿದ್ಧತೆಯಲ್ಲಿರುವನೆಂದು ತಿಳಿದ ಕೂಡಲೆ ನಾಲಂದದ ಭಿಕ್ಷುಗಳೆಲ್ಲರೂ ಬಂದು ಸುತ್ತುಗಟ್ಟಿದರು. ಅವರ ವಾದವು ನಿರುತ್ತರವೆಂಬಂತೆ ತೋರುವದು. ಭರತಖಂಡವು ಬುದ್ಧನು ಹುಟ್ಟಿದ ನೆಲ; ಆತನ ಹೆಜ್ಜೆಗುರುತುಗಳು ಇಲ್ಲಿರುವವು; ಅವುಗಳಿಗೆ ನಮಸ್ಕರಿಸುತ್ತ ಬಾಳನ್ನು ಸವೆಯಿಸಿದರೆ ಸಾಲದೆ? ಚೀನವಾದರೋ ಮ್ಲೇಚ್ಛರ ದೇಶ; ಅಲ್ಲಿ ಬುದ್ಧರು ಹುಟ್ಟುವದಿಲ್ಲ; ಜನರ ಮನಸ್ಸು ಸಂಕುಚಿತ; ಚಳಿ ಅತಿಶಯ, ದಾರಿ ದುರ್ಗಮ. ಇಷ್ಟು ಕಲಿತವನು ಅಲ್ಲಿಗೇಕೆ ಹೋಗಬೇಕು? ಈ ಮಾತುಗಳನ್ನು ಆಡಿದವರು ದುರುಳರಲ್ಲ, ಸ್ನೇಹಿತರು. ದೊಡ್ಡ ವಿದ್ಯಾಸ್ಥಾನದಲ್ಲಿ ಕಲಿತ ಹುಡುಗನಿಗೆ ಇಂದಿಗೂ ಸ್ನೇಹಿತರು ಹೇಳುವದು ಇದನ್ನೇ, ಮಾತು ಮಾತ್ರ ಬೇರೆ. ನಿನ್ನ ಊರಲ್ಲಿ ಏನಿದೆಯೆಂದು ಕೇಳುವರು.

ಹ್ಯುಯೆನ್‌ತ್ಸಾಂಗನು ಮೊದಲು ತನ್ನ ದೇಶದ ಪಕ್ಷವನ್ನು ಹಿಡಿದು ಮಾತಾಡಿದನು. ಅಲ್ಲಿಯೂ ರಾಜನೀತಿಯುಂಟು, ಹಿರಿಯರಿಗೆ ಗೌರವವುಂಟು, ಮಕ್ಕಳು ತಂದೆತಾಯಿಗಳಲ್ಲಿ ಭಕ್ತಿಯುಳ್ಳವರು, ಗ್ರಹಗತಿಯನ್ನು ಎಣಿಸಬಲ್ಲ ವಿದ್ವಾಂಸರುಂಟು. ಬುದ್ಧನು ಹುಟ್ಟಲಿಲ್ಲವೆಂಬ ಕಾರಣದಿಂದ ಒಂದು ನಾಡನ್ನು ಹಗುರಾಗಿ ಕಾಣಲಾಗದೆಂದನು. ಅನಂತರ ಆತನು ಒಂದು ಪ್ರಶ್ನೆಯನ್ನು ಕೇಳಿದನು. ಸೂರ್ಯನು ಜಂಬೂದ್ವೀಪಕ್ಕೆ ಏಕೆ ಬರುತ್ತಾನೆ? ಕತ್ತಲೆಯನ್ನು ಕಳೆಯುವದಕ್ಕೆಂಬದೇ ಅದಕ್ಕೆ ಉತ್ತರ. ತಾನು ಮರಳುವದೂ ಅದೇ ಕಾರಣಕ್ಕಾಗಿ ಎಂದು ಆತನು ಸುಮ್ಮನಾದನು. ಭಿಕ್ಷುಗಳು ಒಪ್ಪಲಿಲ್ಲ. ಎಲ್ಲರೂ ಕೂಡಿ ಶೀಲಭದ್ರರ ಬಳಿಗೆ ಹೋದರು.

ಆಚಾರ್ಯರು ಶಿಷ್ಯನ ಮನಸ್ಸನ್ನು ಕೇಳಿದರು. ಈ ನೆಲದಲ್ಲಿ ತನಗೆ ಪ್ರೀತಿಯಿಲ್ಲದೆ ಇಲ್ಲ. ಆದರೆ ತಾನು ಬಂದದ್ದು ಎಲ್ಲರ ಹಿತಕ್ಕಾಗಿ ಕಲಿಯುವದಕ್ಕೆ. ಗುರುಗಳಿಂದ ಕೇಳಿದ್ದನ್ನು ಮರಳಿ ಹೋಗಿ ತನ್ನ ಭಾಷೆಯಲ್ಲಿ ಇಳಿಸಿ, ಕೇಳಬಯಸುವವರಿಗೆ ಮುಟ್ಟಿಸಿದರೆ ಗುರುಋಣವು ಸಂದೀತೆಂದು ಆತನು ವಿಜ್ಞಾಪಿಸಿದನು. ಶೀಲಭದ್ರರು ಸಂತೋಷಪಟ್ಟು, ತಾವು ಈ ಶಿಷ್ಯನಿಂದ ಬಯಸಿದ್ದೂ ಇದನ್ನೇ ಎಂದು ಹೇಳಿ, ಆತನ ಪ್ರಯಾಣಕ್ಕೆ ಅಣಿಮಾಡಿರಿ, ಯಾರೂ ತಡೆಯಬೇಡಿರೆಂದು ಅಪ್ಪಣೆಕೊಟ್ಟರು. ನೂರು ವರ್ಷ ದಾಟಿದ ಗುರುವು, ತನ್ನ ಪೀಠಕ್ಕೆ ತಕ್ಕವನಾದ ಶಿಷ್ಯನನ್ನು ಹತ್ತಿರ ಇಟ್ಟುಕೊಳ್ಳಬೇಕೆಂದು ಬಯಸುವದು ಸಹಜವಾಗಿತ್ತು. ವಿದ್ಯೆಯ ದಾನಕ್ಕಿಂತ ಈ ಅಪ್ಪಣೆಯೇ ಹಿರಿದೆಂದು ತೋರುವದು. ಮಠದಿಂದ ಕಾಶಿಗೆ ವಟುಗಳನ್ನು ಕಳುಹಿಸಿ, ಅವರ ಮರಳುವಿಕೆಯನ್ನು ಹಾದಿ ನೋಡಿದ ಹಿರಿಯರಿಗೆ ಆ ಅಪ್ಪಣೆಯ ಬೆಲೆಯು ಬೇಗನೆ ತಿಳಿಯುವದು.

ಆದರೂ ಹೊರಟ ದಿನವೇ ಹೋಗುವದಾಗಲಿಲ್ಲ. ಕಾಮರೂಪದ ಅರಸನಾದ ಭಾಸ್ಕರವರ್ಮನು ಆತನನ್ನು ಕರೆಯಿಸಿಕೊಂಡನು. ಅಲ್ಲಿಂದ ಹರ್ಷನು ಕರೆಯಿಸಿಕೊಂಡನು. ಕನೂಜದಲ್ಲಿ ಹದಿನೆಂಟು ದಿನಗಳ ಮಹಾಸಭೆಯೂ, ಪ್ರಯಾಗದಲ್ಲಿ ಐದು ವರ್ಷಕ್ಕೊಮ್ಮೆ ನಡೆಯುವ ಮಹಾದಾನವೂ ಆದವು. ಅವುಗಳ ವೈಭವವು ಬೇರೆ ಕಡೆ ಓದಲು ಸಿಗುವದು. ದಾನವು ಮುಗಿದ ಮೇಲೆ ಆತನು ಅನುಜ್ಞೆ ಬೇಡಲು ಹರ್ಷನು ದಿನಗಳನ್ನು ಮುಂದೂಡಿದನು. ಭಾಸ್ಕರವರ್ಮನು, ಇಲ್ಲಿ ನಿಂತರೆ ನೂರು ವಿಹಾರಗಳನ್ನು ಕಟ್ಟಿಸುವೆನೆಂದನು. ಅದಕ್ಕೆ ಭಿಕ್ಷುವು, ಜ್ಞಾನವನ್ನು ಬಯಸುವವರಿಗೆ ಅದು ಮುಟ್ಟದಂತೆ ತಡೆದವರು ಜನ್ಮಜನ್ಮಾಂತರದಲ್ಲಿ ಕುರುಡರಾಗುವರೆಂಬ ಶಾಸ್ತ್ರೋಕ್ತಿಯನ್ನು ಅರಸರಿಗೆ ನೆನಪು ಮಾಡಿಕೊಟ್ಟನು. ಚಕ್ರವರ್ತಿಯೆದುರಿಗೆ ಇಷ್ಟು ನಿಷ್ಠುರವಾಗಿ ಮಾತಾಡಿದವರು ಬಹಳಿಲ್ಲ.

ಹರ್ಷನು, ಯಾವ ದಾರಿಯಿಂದ ಹೋಗುವಿರಿ, ತೆಂಕಣ ಸಮುದ್ರದ ದಾರಿಯಾದರೆ ರಾಯಭಾರಿಗಳನ್ನು ಜೊತೆಗೆ ಕೊಟ್ಟು ಕಳುಹಿಸುವೆನು ಎಂದು ಕೇಳಿದನು. ಸಮುದ್ರದ ದಾರಿಯು ಹಿಮಪರ್ವತಗಳನ್ನು ತಪ್ಪಿಸುತ್ತಿತ್ತು. ಹ್ಯುಯೆನ್‌ತ್ಸಾಂಗನು ಅದನ್ನು ಒಲ್ಲೆನೆಂದನು. ಗಾವ್‌ಚಾಂಗದ ಅರಸನು ತನ್ನ ದಾರಿ ಕಾಯುತ್ತಿರುವನು. ಆತನಿಗೆ ಕೊಟ್ಟ ಮಾತುಂಟು. ಆದಕಾರಣ ಬಡಗಣ ದಾರಿಯಿಂದಲೇ ಹೋಗಬೇಕು ಎಂದು ಹೇಳಿದನು. ಒಂದು ವಚನದ ಸಲುವಾಗಿ ಹಿಮಾಚ್ಛಾದಿತವಾದ ಘಟ್ಟಗಳನ್ನು ಎರಡನೆಯ ಸಲ ಏರುವ ಕಷ್ಟವನ್ನು ಆತನು ಒಪ್ಪಿಕೊಂಡನು. ಭಾಸ್ಕರವರ್ಮನು ಕೊಟ್ಟ ಸಂಪತ್ತಿನಲ್ಲಿ ಮಳೆಗೆ ಹೊದೆಯುವ ಒಂದು ಮೇಲುವಸ್ತ್ರವನ್ನು ಮಾತ್ರ ತೆಗೆದುಕೊಂಡನು. ಪುಸ್ತಕಗಳನ್ನೂ ವಿಗ್ರಹಗಳನ್ನೂ ಉತ್ತರದೇಶದ ಅರಸನೊಬ್ಬನ ಸೈನ್ಯದೊಡನೆ ಕುದುರೆಗಳ ಮೇಲೆ ಸಾಗಿಸುವ ಏರ್ಪಾಡಾಯಿತು. ಹರ್ಷನು ಒಂದು ದೊಡ್ಡ ಆನೆಯನ್ನು ಕೊಟ್ಟನು. ಬೀಳ್ಕೊಟ್ಟ ಮೂರು ದಿನಗಳ ಮೇಲೆ ಇಬ್ಬರೂ ಅರಸರು ಕೆಲವು ನೂರು ಕುದುರೆಸವಾರರೊಡನೆ ಓಡೋಡಿ ಬಂದು, ದಾರಿಯಲ್ಲಿ ಆತನನ್ನು ಕಂಡು, ಮತ್ತೊಮ್ಮೆ ಬೀಳ್ಕೊಟ್ಟರು. ಮನೆಯ ಮಗನನ್ನು ಊರ ಅಗಸೆಯವರೆಗೆ ಕಳುಹಿಸಿ, ಮನಸ್ಸು ತಡೆಯದೆ ಹಿಂದಿನಿಂದ ಓಡಿಬಂದವರಂತೆ ಇವರು ಮಾಡಿದರು.

ಸಿಂಧುನದಿಯನ್ನು ದಾಟುವಾಗ ಅನರ್ಥವಾಯಿತು. ಭಿಕ್ಷುವು ಆನೆಯ ಮೇಲೆ ದಾಟಿದನು, ಗ್ರಂಥಗಳು ದೋಣಿಯಲ್ಲಿದ್ದವು. ನಡುಹೊಳೆಯಲ್ಲಿ ಗಾಳಿಯೆದ್ದು ದೋಣಿಯು ಹೊಯ್ದಾಡಲು, ಕಾವಲಿನವನು ನೀರಿಗೆ ಬಿದ್ದನು. ಆತನನ್ನು ಜನರು ಎತ್ತಿದರು; ಆದರೆ ಐವತ್ತು ಕಟ್ಟು ಗ್ರಂಥಗಳೂ, ಭರತಖಂಡದ ಅಪರೂಪದ ಹೂಗಳ ಬೀಜಗಳೂ ಹೊಳೆಯ ಪಾಲಾದವು. ವರ್ಷಗಟ್ಟಲೆ ಕುಳಿತು ಪ್ರತಿಮಾಡಿಸಿದ ಗ್ರಂಥಗಳವು. ಆತನು ಆ ದಡದ ಪಟ್ಟಣದಲ್ಲಿ ಐವತ್ತು ದಿನಗಳಿಗಿಂತ ಹೆಚ್ಚು ಕಾಲ ನಿಂತು, ಉದ್ಯಾನದೇಶಕ್ಕೆ ಜನರನ್ನಟ್ಟಿ, ಹೋದವುಗಳಲ್ಲಿ ಕೆಲವನ್ನು ಮತ್ತೆ ಬರೆಯಿಸಿಕೊಂಡನು. ಪಾಮೀರಿನಾಚೆಗೆ ಕಳ್ಳರ ಗದ್ದಲದಲ್ಲಿ ಹರ್ಷನು ಕೊಟ್ಟ ಆನೆಯೂ ನೀರಿನಲ್ಲಿ ಮುಳುಗಿ ಸತ್ತಿತು.

ಹಿಮವನ್ನೆಲ್ಲ ದಾಟಿ ಬಂದವನಿಗೆ, ಯಾರ ಸಲುವಾಗಿ ಆ ದಾರಿಯನ್ನು ಹಿಡಿದನೋ ಆ ಅರಸನು ಇರಲಿಲ್ಲ. ಗಾವ್‌ಚಾಂಗದ ರಾಜನು 640ರಲ್ಲಿಯೇ ತೀರಿಕೊಂಡಿದ್ದನು. ಅದೇ ವರ್ಷ ಚೀನದ ಸೈನ್ಯವು ಆ ರಾಜ್ಯವನ್ನು ನುಂಗಿತ್ತು. ಮೂರು ವರ್ಷ ಕಳೆಯುವೆನೆಂದು ಮಾತುಕೊಟ್ಟ ಅರಮನೆಯೇ ಪರರದಾಗಿತ್ತು. ವಚನವನ್ನು ಪಾಲಿಸಲು ಹೊರಟವನಿಗೆ ಪಾಲಿಸುವ ಸ್ಥಳವು ದೊರೆಯಲಿಲ್ಲ. ಆತನು ದಕ್ಷಿಣದ ದಾರಿ ಹಿಡಿದು ಖೋತಾನ ಪಟ್ಟಣಕ್ಕೆ ಬಂದನು.

ಅಲ್ಲಿ ಬೇರೊಂದು ಚಿಂತೆಯು ಎದುರಾಯಿತು. ಆತನು ರಾಜಾಜ್ಞೆಯನ್ನು ಮೀರಿ ಹೋದವನು. ಹದಿನೇಳು ವರ್ಷಗಳ ತರುವಾಯ ಅದೇ ಚಕ್ರವರ್ತಿಯು, ಅಂದರೆ ತಾಂಗ್ ವಂಶದ ತಾಯ್‌ತ್ಸುಂಗನು, ಆಳುತ್ತಿದ್ದನು. ಹ್ಯುಯೆನ್‌ತ್ಸಾಂಗನು ಗಡಿಯನ್ನು ಗುಪ್ತವಾಗಿ ದಾಟಿ ಬರಲಿಲ್ಲ. ಗಾವ್‌ಚಾಂಗದ ಒಬ್ಬ ತರುಣನ ಕೈಯಲ್ಲಿ ಪತ್ರವನ್ನು ಬರೆದು ಕಳುಹಿಸಿ, ಅನುಮತಿಯಿಲ್ಲದೆ ಹೋದದ್ದನ್ನು ಮರೆಮಾಚದೆ ಒಪ್ಪಿಕೊಂಡು, ಉತ್ತರದ ದಾರಿ ನೋಡುತ್ತ ಏಳೆಂಟು ತಿಂಗಳು ಖೋತಾನದ ಭಿಕ್ಷುಗಳಿಗೆ ಪಾಠ ಹೇಳುತ್ತ ಕುಳಿತನು. ಬೇಗನೆ ಬಂದು ಕಾಣಬೇಕೆಂದು ಚಕ್ರವರ್ತಿಯ ಉತ್ತರ ಬಂದಿತು.

645ರ ಮೊದಲಲ್ಲಿ ಆತನು ರಾಜಧಾನಿಯಾದ ಛಾಂಗಾನಕ್ಕೆ ಬಂದನು. ಇಪ್ಪತ್ತು ಕುದುರೆಗಳ ಮೇಲೆ 520 ಕಟ್ಟುಗಳಲ್ಲಿ 657 ಗ್ರಂಥಗಳು, ಏಳು ಬುದ್ಧವಿಗ್ರಹಗಳು. ನೋಡಲು ನೆರೆದ ಜನದ ನೂಕುನುಗ್ಗಲಿಗೆ ಅಂಜಿ, ನಿಂತಲ್ಲಿಂದ ಯಾರೂ ಕದಲಕೂಡದೆಂದು ಅಧಿಕಾರಿಗಳು ಆಜ್ಞೆ ಹೊರಡಿಸಬೇಕಾಯಿತು. ಪುಸ್ತಕಗಳ ಮೆರವಣಿಗೆಗೆ ಒಂದು ಪಟ್ಟಣವು ಹೀಗೆ ಹಬ್ಬ ಮಾಡಿದ್ದು ಜಗತ್ತಿನಲ್ಲಿ ಅಪರೂಪ.

ಚಕ್ರವರ್ತಿಯು ಕೊರಿಯದ ಮೇಲೆ ದಂಡೆತ್ತಿ ಹೋಗುವದಕ್ಕಾಗಿ ಲೋಯಾಂಗದಲ್ಲಿದ್ದನು. ಭಿಕ್ಷುವು ಅಲ್ಲಿಗೆ ಹೋಗಿ ಕಂಡನು. ಹೇಳದೆ ಹೋದದ್ದೇಕೆಂದು ಚಕ್ರವರ್ತಿಯು ಕೇಳಿ, ಕ್ಷಮಿಸಿ, ದೇಶದೇಶಗಳ ಸಂಗತಿಯನ್ನು ವಿಚಾರಿಸಿ, ಕಾಷಾಯವನ್ನು ಬಿಟ್ಟು ತನ್ನ ಮಂತ್ರಿಯಾಗೆಂದನು. ಆತನು ಒಲ್ಲೆನೆಂದು, ಶಾವ್‌ಲಿನ್ ವಿಹಾರದಲ್ಲಿ ಕುಳಿತು ಗ್ರಂಥಗಳನ್ನು ಅನುವಾದಿಸಲು ಅನುಮತಿಯನ್ನು ಬೇಡಿದನು. ಆ ವಿಹಾರವು ಏಕಾಂತದ್ದು, ಪೂರ್ವದಲ್ಲಿಯೂ ಅಲ್ಲಿ ಅನುವಾದಗಳು ನಡೆದಿದ್ದವು ಎಂಬದೇ ಆತನು ಕೊಟ್ಟ ಕಾರಣ. ಆದರೆ ಆ ಬೆಟ್ಟದ ನೆರೆಯಲ್ಲಿಯೇ ಆತನ ಹುಟ್ಟೂರಿತ್ತೆಂಬದನ್ನು ಲಕ್ಷಿಸಬೇಕು. ಚಕ್ರವರ್ತಿಯು ಒಪ್ಪಲಿಲ್ಲ, ಛಾಂಗಾನದಲ್ಲಿಯೇ ಇರಬೇಕೆಂದನು. ಲೋಯಾಂಗದಲ್ಲಿದ್ದಾಗ ಆತನು ಹಳ್ಳಿಗೆ ಹೋದನೆಂದು ಚರಿತ್ರೆಯಲ್ಲಿ ಹೇಳಿಲ್ಲ. ಸಾವಿರಾರು ಹರದಾರಿ ನಡೆದು ಬಂದವನು, ಹುಟ್ಟಿದ ಮನೆಯ ಸಮೀಪಕ್ಕೆ ಬಂದು ಹಿಂದಿರುಗಿದನು. ದೇಶಕ್ಕೆ ಬಂದಿದ್ದನು, ಮನೆಗೆ ಬಂದಿರಲಿಲ್ಲ.

ಮುಂದೆ ಹನ್ನೆರಡು ವರ್ಷಗಳು ಅನುವಾದದಲ್ಲಿ ಕಳೆದವು. 646ರಲ್ಲಿ ಪ್ರವಾಸದ ವೃತ್ತಾಂತವನ್ನು ಬರೆಯಿಸಿ ಒಪ್ಪಿಸಿದನು. 652ರಲ್ಲಿ ಗ್ರಂಥಗಳ ರಕ್ಷಣೆಗಾಗಿ ಒಂದು ಗೋಪುರವೆದ್ದಿತು. ಅದು ಇಂದಿಗೂ ಆ ಪಟ್ಟಣದಲ್ಲಿ ನಿಂತಿದೆ. ಅದೇ ವರ್ಷ ಬೋಧಗಯೆಯಿಂದ ಒಬ್ಬ ಭಿಕ್ಷುವು ಪತ್ರಗಳನ್ನು ತಂದನು. ಬರೆದವರು ಪ್ರಜ್ಞಾದೇವ ಹಾಗೂ ಶೀಲಭದ್ರರ ಶಿಷ್ಯನಾದ ಜ್ಞಾನಪ್ರಭ. ಬರಿಗೈಯಲ್ಲಿ ಬರೆಯಬಾರದೆಂದು, ದಾರಿ ದೂರವೆಂಬ ಕಾರಣದಿಂದ ಸಣ್ಣ ಕಾಣಿಕೆಯನ್ನು ಮನ್ನಿಸಬೇಕೆಂದು ಬೇಡಿಕೊಂಡು, ಎರಡು ಬಿಳಿಯ ಅರಿವೆಗಳನ್ನು ಕಳುಹಿಸಿದ್ದರು. 654ರಲ್ಲಿ ಆತನು ಉತ್ತರ ಬರೆದನು. ಶೀಲಭದ್ರರು ಲಿಂಗೈಕ್ಯರಾದರೆಂದು ಇಲ್ಲಿಯ ಮಾತಿನಲ್ಲಿ ಹೇಳಬೇಕಾದರೆ ಹೇಳಬಹುದಾದ ಆ ವಾರ್ತೆಯು, ಭರತಖಂಡಕ್ಕೆ ಹೋಗಿಬಂದ ರಾಯಭಾರಿಯಿಂದ ಆತನಿಗೆ ಮೊದಲೇ ಮುಟ್ಟಿತ್ತು. ಆ ದುಃಖವನ್ನು ತೋಡಿಕೊಂಡು, ಸಿಂಧುನದಿಯಲ್ಲಿ ಹೋದ ಗ್ರಂಥಗಳ ಯಾದಿಯನ್ನು ಜೊತೆಗಿಟ್ಟು, ಸಾಧ್ಯವಾದರೆ ಕಳುಹಿಸಿರೆಂದು ಬೇಡಿದನು. ನೀರು ಪಾಲಾದ ಪುಸ್ತಕಗಳನ್ನು ಹತ್ತು ವರ್ಷಗಳಾದ ಮೇಲೂ ಆತನು ಮರೆತಿರಲಿಲ್ಲ.

657ರಲ್ಲಿ ಹೊಸ ಚಕ್ರವರ್ತಿಯಾದ ಗಾವ್‌ತ್ಸುಂಗನು ಲೋಯಾಂಗಕ್ಕೆ ಹೋಗುವಾಗ ಹ್ಯುಯೆನ್‌ತ್ಸಾಂಗನನ್ನು ಜೊತೆಗೆ ಕರೆದುಕೊಂಡು ಹೋದನು. ಆಗ ಆತನು ಅವಕಾಶವನ್ನು ಮಾಡಿಕೊಂಡು ತನ್ನವರನ್ನು ವಿಚಾರಿಸಿದನು. ಬಂಧುಬಳಗದವರು ಬಹುತೇಕ ಎಲ್ಲರೂ ತೀರಿಹೋಗಿದ್ದರು. ಒಬ್ಬ ಅಕ್ಕ ಮಾತ್ರ ಉಳಿದಿದ್ದಳು. ಆಕೆಯನ್ನು ದೂರದ ಪ್ರಾಂತದ ಜಾಂಗ್ ಎಂಬ ಮನೆತನಕ್ಕೆ ಕೊಟ್ಟಿತ್ತು. ಆತನು ಜನರನ್ನು ಕಳುಹಿಸಿ ಆಕೆಯನ್ನು ಕರೆತರಿಸಿದನು. ಇಬ್ಬರೂ ಕಂಡು ದುಃಖಿಸಿದರು, ಸಂತೋಷಪಟ್ಟರು ಎಂದು ಚರಿತ್ರಕಾರನು ಒಂದೇ ಮಾತಿನಲ್ಲಿ ಬರೆದು ಮುಂದಕ್ಕೆ ಸಾಗಿರುವನು. ಅರಸರ ಸಭೆಗಳಿಗೆ ಪುಟಗಟ್ಟಲೆ ಕೊಟ್ಟವನು ಇಲ್ಲಿ ಇಷ್ಟೇ ಬರೆದದ್ದು ಒಳ್ಳೆಯದೇ ಆಯಿತು.

ಸಂನ್ಯಾಸವನ್ನು ಸ್ವೀಕರಿಸಿದವನು ಪೂರ್ವಾಶ್ರಮದ ಅಕ್ಕನನ್ನು ಹುಡುಕುವದೇಕೆಂಬ ಶಂಕೆಯು ಭಕ್ತರಲ್ಲಿ ಹುಟ್ಟಬಹುದು. ವಿರಕ್ತರ ಮಠಗಳಲ್ಲಿ ಪೂರ್ವಾಶ್ರಮದ ಮಾತೆತ್ತುವದು ಸಲ್ಲದೆಂಬ ಕಟ್ಟುಂಟು. ಆ ಕಟ್ಟಿಗೆ ಸಕಾರಣವೂ ಉಂಟು. ಮಠದ ಸೊತ್ತು ಮನೆತನದ ಸೊತ್ತಾಗಬಾರದು, ಮೋಹವು ಧರ್ಮವನ್ನು ಕೆಡಿಸಬಾರದು. ಹ್ಯುಯೆನ್‌ತ್ಸಾಂಗನು ಅಕ್ಕನಿಂದ ಏನನ್ನೂ ಪಡೆಯಲಿಲ್ಲ, ಆಕೆಯ ಮನೆತನಕ್ಕೆ ಅಧಿಕಾರವನ್ನು ಬೇಡಲಿಲ್ಲ. ಒಂದು ಮಾತನ್ನು ಕೇಳಿದನು: ತಂದೆತಾಯಿಗಳ ಸಮಾಧಿ ಎಲ್ಲಿದೆ? ಆಕೆಗೆ ಗೊತ್ತಿತ್ತು. ಅಖಂಡ ಶಾಸ್ತ್ರಗಳನ್ನು ಬಲ್ಲವನಿಗೆ ತಿಳಿಯದ ಆ ಒಂದು ಸಂಗತಿಯನ್ನು ಊರನ್ನು ಬಿಟ್ಟು ಕೊಟ್ಟ ಮನೆಗೆ ಹೋದ ಹೆಣ್ಣುಮಗಳು ನೆನಪಿನಲ್ಲಿಟ್ಟಿದ್ದಳು. ಗ್ರಂಥಗಳನ್ನು ಕಾಯುವದಕ್ಕೆ ಗೋಪುರ ಕಟ್ಟಿಸುವರು; ಇಂಥ ನೆನಪನ್ನು ಮನೆಯ ಹೆಂಗಸರೇ ಕಾಯುವರು.

ಅಕ್ಕತಮ್ಮಂದಿರು ಹೋಗಿ ನೋಡಲು, ನಾಲ್ವತ್ತು ವರ್ಷಗಳಿಗೆ ಮೇಲ್ಪಟ್ಟು ಯಾರೂ ನೋಡದೆ ಸಮಾಧಿಗಳು ಹಾಳುಬಿದ್ದಿದ್ದವು. ದೇಶವು ಹೊತ್ತಿ ಉರಿಯುತ್ತಿದ್ದ ಕಾಲದಲ್ಲಿ ಅವಸರದಿಂದ ಮಾಡಿದ ಸಂಸ್ಕಾರವದು. ಒಳ್ಳೆಯ ಸ್ಥಳವನ್ನು ನೋಡಿ, ಅಸ್ಥಿಗಳನ್ನು ತೆಗೆದು, ವಿಧಿಪೂರ್ವಕವಾಗಿ ಮತ್ತೆ ಸಮಾಧಿ ಮಾಡಬೇಕೆಂದು ಆತನು ಮನಸ್ಸು ಮಾಡಿದನು. ಆಗ ಆತನು ಸ್ವತಂತ್ರನಲ್ಲ. ಇದಕ್ಕೂ ಚಕ್ರವರ್ತಿಯ ಅಪ್ಪಣೆಯನ್ನು ಬೇಡಬೇಕಾಯಿತು. ಗಾವ್‌ತ್ಸುಂಗನು ಒಪ್ಪಿ, ವೆಚ್ಚವೆಲ್ಲ ಬೊಕ್ಕಸದಿಂದ ಸಲ್ಲಲೆಂದನು. ಆ ದಿನ ಲೋಯಾಂಗದಿಂದ ಭಿಕ್ಷುಗಳೂ ಗೃಹಸ್ಥರೂ ಕೂಡಿ ಹತ್ತು ಸಾವಿರಕ್ಕೂ ಹೆಚ್ಚು ಜನರು ನೆರೆದರು. ಪಾಠದ ನಡುವೆ ತಂದೆಯೆದುರಿಗೆ ಎದ್ದು ನಿಂತಿದ್ದ ಹುಡುಗನಿಗೆ ಆಗ ವಯಸ್ಸು ಐವತ್ತನ್ನು ದಾಟಿತ್ತು.

ಆ ಶರದೃತುವಿನಲ್ಲಿ ಆತನು ಮತ್ತೊಮ್ಮೆ ಬಿನ್ನವಿಸಿಕೊಂಡನು. ದೇಹವು ಕ್ಷೀಣಿಸಿತು, ಹುಟ್ಟಿದ ನೆಲಕ್ಕೆ ಸಮೀಪವಾದ ಆ ಶಾವ್‌ಲಿನ್ ವಿಹಾರದಲ್ಲಿ ಧ್ಯಾನಕ್ಕೂ ಅನುವಾದಕ್ಕೂ ಕುಳಿತಿರಲು ಅಪ್ಪಣೆಯಾಗಬೇಕು. ಚಕ್ರವರ್ತಿಯು ಸ್ವಹಸ್ತದಿಂದ ಉತ್ತರ ಬರೆದು, ಅದು ಆಗದೆಂದನು; ಮುಂದೆ ಇಂಥ ಮಾತನ್ನು ಎತ್ತಬಾರದೆಂಬ ಭಾವವೂ ಅದರಲ್ಲಿತ್ತು. ಹ್ಯುಯೆನ್‌ತ್ಸಾಂಗನು ಮತ್ತೆ ಬೇಡಲಿಲ್ಲ. 658ರ ಮೊದಲಲ್ಲಿ ರಾಜಪರಿವಾರದೊಡನೆ ಛಾಂಗಾನಕ್ಕೆ ಹೋದನು. 660ರಲ್ಲಿ ಎಲ್ಲಕ್ಕೂ ದೊಡ್ಡದಾದ ಪ್ರಜ್ಞಾಪಾರಮಿತಾ ಗ್ರಂಥವನ್ನು ಕೈಗೆತ್ತಿಕೊಂಡು, 663ರಲ್ಲಿ ಅದರ ಆರುನೂರು ಸುರುಳಿಗಳನ್ನು ಮುಗಿಸಿ, ಮರುವರ್ಷ ತೀರಿಕೊಂಡನು.